ಅಜ್ಜಿಗೆ ಹಿಡಿದಿಟ್ಟ ಸೀಟು

ನಾನು ವಿಮಾನ ಕಂಪನಿಯ ಕೆಲಸ ಮಾಡ್ತೀನಿ ಅಂದ ಕೂಡಲೇ ಮೈಸೂರಿನ ನೆಂಟರೆಲ್ಲ ಕೇಳೋದು ಒಂದೇ ಪ್ರಶ್ನೆ: ಫ್ರೀ ಟಿಕೆಟ್ ಸಿಗುತ್ತಾ? ಸಿಗುತ್ತೆ. ಕೆನಡಾದ ಉತ್ತರದಲ್ಲಿ, ರಸ್ತೆ ಇಲ್ಲದ ಒಂದು ಊರಿಂದ ರಸ್ತೆ ಇಲ್ಲದ ಇನ್ನೊಂದು ಊರಿಗೆ. ಜನವರಿಯಲ್ಲಿ ಹೋದ್ರೆ ಮೂಗು ಅಲ್ಲೇ ಬಿಟ್ಟು ಬರಬೇಕಾಗಬಹುದು ಅಂತಲೂ ಸೇರಿಸ್ತೀನಿ. ಆಮೇಲೆ ಯಾರೂ ಎರಡನೇ ಸಲ ಕೇಳಿದ್ದಿಲ್ಲ.

ಅದು ಅಲ್ಲಿನ ಮೂಲನಿವಾಸಿಗಳ ಊರುಗಳಿಗೆ ಹಾರೋ ಪುಟ್ಟ ವಿಮಾನ ಕಂಪನಿ. ವಿಮಾನದ ಮುಂದಿನರ್ಧ ಸಾಮಾನು, ಹಿಂದಿನರ್ಧ ಜನ. ಹಾಲು, ಡೈಪರು, ಔಷಧಿ, ಇಸ್ಕೂಲಿನ ಮೇಷ್ಟ್ರು, ಡಯಾಲಿಸಿಸ್‌ಗೆ ಹೋಗೋ ಮುದುಕರು, ಎಲ್ಲ ಅದರಲ್ಲೇ. ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟಿದಾಗ ಅದರ ಮೇಲೆ ಸ್ವಲ್ಪ ದಿನ ಲಾರಿ ಓಡುತ್ತಂತೆ, ಮಿಕ್ಕಂತೆ ಆಕಾಶವೇ ರಸ್ತೆ. ಅಂಥಾ ಕಂಪನಿಯ ಟಿಕೆಟ್ ಬುಕ್ ಮಾಡೋ ಸಾಫ್ಟ್‌ವೇರ್ ನೋಡ್ಕೊಳ್ತಿದ್ದೋರು ಯಾರು ಅಂದ್ರೆ, ಅಮೆರಿಕದ ಜಾರ್ಜಿಯಾ ರಾಜ್ಯದ ಡುಲುತ್‌ನಲ್ಲಿ ಕೊರಿಯನ್ ಬೇಕರಿ ಪಕ್ಕದ ಆಫೀಸಿನಲ್ಲಿ ಕೂತ ನಾವು. ಟೀಮಿನಲ್ಲಿ ಮುಕ್ಕಾಲು ಜನ ಬೆಂಗಳೂರು, ಮೈಸೂರು. ಅಟ್ಲಾಂಟಾದಲ್ಲಿ ನಾಲ್ಕು ಹನಿ ಹಿಮ ಬೀಳುತ್ತೆ ಅಂತ ಟೀವಿಯಲ್ಲಿ ಹೇಳಿದ್ರೆ ಸಾಕು, ಅಂಗಡಿಗೆ ಓಡಿ ಬ್ರೆಡ್ಡು ಹಾಲು ತುಂಬಿಟ್ಕೊಂಡು ಮೂರು ದಿನ ಬಾಗಿಲು ಹಾಕ್ಕೊಳ್ಳೋ ಶೂರರು ನಾವು. ಧ್ರುವದ ಪಕ್ಕ ವಿಮಾನ ಹೇಗೆ ಓಡಬೇಕು ಅನ್ನೋದನ್ನ ನಮ್ಮನ್ನ ಬಿಟ್ಟು ಇನ್ಯಾರು ಹೇಳಬೇಕು?

ಕೊರೊನಾ ಬಂದ ಮೇಲೆ ಡುಲುತ್ ಆಫೀಸೂ ಹೋಯ್ತು. ನಾನು ಜಾನ್ಸ್ ಕ್ರೀಕ್‌ನ ನಮ್ಮ ಅಪಾರ್ಟ್‌ಮೆಂಟಿನ ಊಟದ ಮೇಜಿಂದ, ನಮ್ಮ ಟೀಮ್ ಲೀಡು ಕಮ್ಮಿಂಗ್‌ನ ತಮ್ಮ ಹೊಸ ಮನೆಯ ಬೇಸ್‌ಮೆಂಟಿಂದ ಕೆಲಸ ಮಾಡ್ತಿದ್ವಿ. ಲೀಡು ಅಂದ್ರೆ ಮೈಸೂರಿನ ಸರಸ್ವತಿಪುರಂ ಕಡೆಯೋರು, ನಮಗಿಂತ ಹತ್ತು ವರ್ಷ ದೊಡ್ಡೋರು. "ಸಾರ್ ಗೀರ್ ಅನ್ಬೇಡಿ, ಇದು ಅಮೆರಿಕ" ಅನ್ನೋರು. ಒಂದು ದಿನ ಯಾರೋ ಹಂಗೇ ಹೆಸರು ಹಿಡಿದು ಕರೆದಾಗ ಆ ಹುಡುಗನ ಜೊತೆ ವಾರಗಟ್ಟಲೆ ನೆಟ್ಟಗೆ ಮಾತಾಡಲಿಲ್ಲ. ಅವತ್ತಿಂದ ಎಲ್ಲರೂ ಸಾರ್ ಅಂತಲೇ ಕರೀತಿದ್ವಿ. ಅವರು ನಮ್ಮನ್ನೆಲ್ಲ "ಇವ್ರೇ" ಅನ್ನೋರು.

ಒಂದು ಸಲ ಸಾರ್‌ಗೆ ದಂಡದ ಸೀಟು ಹುಡುಕೋ ಹುಚ್ಚು ಹತ್ತಿತು. ವಿಮಾನದಲ್ಲಿ ಯಾವ ಸೀಟು ಸುಮ್ಮನೆ ಖಾಲಿ ಹೋಗ್ತಿದೆ ಅಂತ ಪತ್ತೆ ಹಚ್ಚಿ ನಿಲ್ಲಿಸಬೇಕು ಅಂತ. ಹುಡುಕಿದಾಗ ಸಿಕ್ಕಿದ್ದು ಒಬ್ಬಳು ಅಜ್ಜಿ. ಹೆಸರಿನ ಜಾಗದಲ್ಲಿ ಇಂಗ್ಲಿಷಿನಲ್ಲಿ ಬರೀ ಗ್ರ್ಯಾಂಡ್‌ಮಾ, ಅಂದ್ರೆ ಅಜ್ಜಿ ಅಂತ ಇತ್ತು, ಬೇರೆ ಹೆಸರಿಲ್ಲ, ವಯಸ್ಸಿಲ್ಲ. ಉತ್ತರದ ಒಂದು ಊರಿಂದ ದಕ್ಷಿಣದ ಒಂದು ಪಟ್ಟಣಕ್ಕೆ ಹೋಗೋ ಪ್ರತಿ ವಿಮಾನದಲ್ಲೂ ಕೊನೇ ಸಾಲಿನಲ್ಲಿ ಅವಳಿಗೊಂದು ಸೀಟು. ಹೆಚ್ಚುಕಮ್ಮಿ ಪ್ರತಿ ಸಲವೂ ಅವಳು ಬರೋದೇ ಇಲ್ಲ.

"ಯಾರ್ರೀ ಇವಳು ಅಜ್ಜಿ, ವಾರಕ್ಕೆ ಮೂರು ಸಲ ಟಿಕೆಟ್ ಹಾಕ್ಸಿ ಮನೇಲೇ ಮಲಗಿರ್ತಾಳೆ?" ಅಂದ್ರು ಸಾರ್, ಬೆಳಗಿನ ಮೀಟಿಂಗಿನಲ್ಲಿ. ಎಲ್ಲರೂ ನಕ್ಕೆವು. ಯಾರೋ, ನಮ್ಮಜ್ಜಿನೂ ಹಂಗೇ ಸಾರ್, ಬಸ್ ಸ್ಟ್ಯಾಂಡ್ ತನಕ ಹೋಗಿ ಗ್ಯಾಸ್ ಆಫ್ ಮಾಡಿದ್ನೋ ಇಲ್ವೋ ಅಂತ ವಾಪಸ್ ಬರೋರು ಅಂದ. ಆ ವಾರವೇ ನಿಯಮ ಬಂತು. ಪೂರ್ತಿ ಹೆಸರಿಲ್ಲದ, ಹತ್ತದೇ ಇರೋ ಬುಕಿಂಗ್‌ಗಳೆಲ್ಲ ತಂತಾನೇ ರದ್ದು, ಆ ಸೀಟು ಮಾರಾಟಕ್ಕೆ.

ಇದಕ್ಕೆ ಒಂದೇ ಒಂದು ವಿನಾಯಿತಿ ಇತ್ತು, ಅದನ್ನೂ ಹೇಳಿಬಿಡ್ತೀನಿ. ನಮ್ಮ ಕಾಂಟ್ರಾಕ್ಟಿನ ಪ್ರಕಾರ ಸಾಫ್ಟ್‌ವೇರಿನೋರು ಜಾಗಕ್ಕೆ ಬಂದು ನೋಡೋಕೆ ಅಂತ ಪ್ರತಿ ವಿಮಾನದಲ್ಲೂ ಒಂದು ಸೀಟು ಸಾರ್ ಹೆಸರಲ್ಲಿ ಕಾದಿರುತ್ತೆ. ಸಾರ್ ಒಂದೇ ಒಂದು ಸಲವೂ ಹೋಗಿರಲಿಲ್ಲ. ಕಮ್ಮಿಂಗ್‌ನಲ್ಲೇ ಡಿಸೆಂಬರಿನಲ್ಲಿ ಮಂಕಿ ಕ್ಯಾಪ್ ಹಾಕ್ಕೊಂಡು ಕಸದ ಡಬ್ಬ ಈಚೆಗಿಡೋ ಮನುಷ್ಯ ಅವರು. ಆದ್ರೂ ಆ ಸೀಟು ದಂಡದ ಲೆಕ್ಕಕ್ಕೆ ಸೇರಲಿಲ್ಲ. ಅದು ಗೌರವದ ಸೀಟು.

ಅದೇ ಮೀಟಿಂಗಿನಲ್ಲಿ ಇನ್ನೊಂದು ವಿಷಯವೂ ಬಂತು. ಆ ಊರುಗಳಿಂದ ಬಸುರಿ ಹೆಂಗಸರು ತಿಂಗಳು ತುಂಬ್ತಾ ಬಂದಾಗ ತಪ್ಪದೇ ದಕ್ಷಿಣದ ಆ ಒಂದೇ ಪಟ್ಟಣಕ್ಕೆ ಹಾರ್ತಾರೆ, ಮಗು ಎತ್ಕೊಂಡು ವಾಪಸ್ ಬರ್ತಾರೆ. ಯಾಕೆ ಅಂತ ಹೊಸದಾಗಿ ಸೇರಿದ್ದ ಒಬ್ಬ ಆಂಧ್ರದ ಹುಡುಗ ಕೇಳಿದ.

"ಇದರಲ್ಲೇನಿದೆ ಕೇಳೋಕೆ?" ಅಂದ್ರು ಸಾರ್. "ಚೊಚ್ಚಲ ಹೆರಿಗೆಗೆ ತವರಿಗೆ ಹೋಗ್ತಾರೆ. ನಮ್ಮಲ್ಲಿಲ್ವಾ?"

"ಎಲ್ಲರ ತವರೂ ಒಂದೇ ಊರಲ್ಲಿರುತ್ತಾ ಸಾರ್?"

"ಹೆಣ್ಣು ಕೊಟ್ಟು ತಂದು ಮಾಡಿರ್ತಾರಪ್ಪ. ನಮ್ಮ ನಂಜನಗೂಡಿನೋರೆಲ್ಲ ಮೈಸೂರಿಂದ ಹೆಣ್ಣು ತರೋಲ್ವೇ?"

ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ್ರಂತೆ. ನಾವೆಲ್ಲ ತಲೆಯಾಡಿಸಿದ್ವಿ. ಎರಡನೇ ಹೆರಿಗೆ, ನಾಲ್ಕನೇ ಹೆರಿಗೆಗೂ ಹೋಗ್ತಾರಲ್ಲ ಅಂತ ಯಾರೂ ಕೇಳಲಿಲ್ಲ. ನನಗಾಗ ಐದು ತಿಂಗಳು. ಚೆನ್ನೈನಲ್ಲಿ ಅಮ್ಮನ ವೀಸಾ ಸಂದರ್ಶನಕ್ಕೆ ತಾರೀಖು ಸಿಗುತ್ತಾ ಅಂತ ದಿನಾ ಬೆಳಿಗ್ಗೆ ನೋಡೋದೇ ನನ್ನ ಗಂಡನಿಗೂ ನನಗೂ ಸುಪ್ರಭಾತವಾಗಿತ್ತು. ತವರು ಅನ್ನೋ ಮಾತು ಕಿವಿಗೆ ಬಿದ್ದ ಕೂಡಲೇ ನನಗೆ ಕಣ್ಣು ತುಂಬಿ ಬಂತು, ಕ್ಯಾಮೆರಾ ಆಫ್ ಮಾಡ್ಕೊಂಡೆ. ಅಲ್ಲಿಗೆ ಆ ಚರ್ಚೆಯಲ್ಲಿ ನನ್ನ ಪಾಲು ಮುಗೀತು.

ನಿಯಮ ಜಾರಿಯಾಗಿ ಒಂದೆರಡು ದಿನಕ್ಕೆ ಸಪೋರ್ಟ್ ಲೈನಿಗೆ ಫೋನ್ ಬಂತು, ಅವತ್ತು ಎತ್ತೋ ಸರದಿ ನಂದು. ಆ ಕಡೆ ಇದ್ದೋರು ಅಜ್ಜಿ ಸೀಟಿದ್ದ ಆ ಊರಿನ ಏರ್‌ಸ್ಟ್ರಿಪ್ ಕೌಂಟರಿನ ಹೆಂಗಸು. ಅಲ್ಲಿ ಟಿಕೆಟ್ ಕೊಡೋದು, ಸಾಮಾನು ತೂಗೋದು, ಹಿಮ ಬಳಿಯೋರನ್ನ ಕೂಗೋದು ಎಲ್ಲ ಅವರೇ. ಹಿಂದೆ ಒಂದೆರಡು ಸಲ ಮಾತಾಡಿದ್ದೆ, ಅಭ್ಯಾಸಬಲದಿಂದ ಆಂಟಿ ಅಂತ ಬಾಯಿಗೆ ಬಂದುಬಿಟ್ಟಿತ್ತು. ಬೇಜಾರು ಮಾಡ್ಕೊಂಡ್ರೇನೋ ಅಂತ, ನಮ್ಮ ಕಡೆ ದೊಡ್ಡೋರನ್ನೆಲ್ಲ ಹಾಗೇ ಕರೆಯೋದು ಅಂದಾಗ, "ನಮ್ಮ ಕಡೆಯೂ ಅಷ್ಟೇ, ಇಡೀ ಊರಿಗೇ ನಾನು ಆಂಟಿ" ಅಂದಿದ್ರು.

"ನನ್ನ ಅಜ್ಜಿನ ಯಾರೋ ಅಳಿಸಿಹಾಕಿದ್ದಾರೆ ಮಗಳೇ," ಅಂದ್ರು ಅವತ್ತು.

ನಾನು ಬಾಯಿಪಾಠ ಒಪ್ಪಿಸಿದೆ. ಆಂಟಿ, ಪೂರ್ತಿ ಹೆಸರು ಇಲ್ಲದ ಪ್ರಯಾಣಿಕರಿಗೆ ಇನ್ನುಮುಂದೆ ಹಾಗೆ ಹೀಗೆ. ಅವರು ಪೂರ್ತಿ ಕೇಳಿಸ್ಕೊಂಡ್ರು. ಆಮೇಲೆ ನಿಧಾನವಾಗಿ ಹೇಳಿದ್ರು. ಅವರ ಊರಲ್ಲಿ ನರ್ಸ್‌ಗಳಿದ್ದಾರೆ, ಹೆರಿಗೆ ಮಾಡಿಸೋ ಏರ್ಪಾಡಿಲ್ಲ. ಅದಕ್ಕೇ ಬಸುರಿಯರನ್ನ ದಿನ ತುಂಬೋಕೆ ಎಷ್ಟೋ ಮುಂಚೆನೇ ವಿಮಾನ ಹತ್ತಿಸಿ ಪಟ್ಟಣಕ್ಕೆ ಕಳಿಸ್ತಾರೆ. ಅಲ್ಲಿ ಹಾಸ್ಟೆಲ್ಲಿನಂಥ ಕಡೆ ಕಾಯ್ತಾ ಕೂರಬೇಕು. ಜೊತೆಗೆ ಒಬ್ಬರು ಹೋಗಬಹುದು ಅಂತಿದೆ, ಆದ್ರೆ ಕೆಲಸ ಬಿಟ್ಟು, ಮನೇಲಿರೋ ಸಣ್ಣ ಮಕ್ಕಳನ್ನ ಬಿಟ್ಟು, ವಾರಗಟ್ಟಲೆ ಯಾರು ಹೋಗಿ ಕೂರ್ತಾರೆ? ಅದಕ್ಕೇ ಕೌಂಟರಿನೋರು ಲಾಗಾಯ್ತಿನಿಂದ ಒಂದು ಪದ್ಧತಿ ಇಟ್ಕೊಂಡಿದ್ದಾರೆ. ಪ್ರತಿ ವಿಮಾನದಲ್ಲಿ ಒಂದು ಸೀಟು ಅಜ್ಜಿ ಅಂತ ಹಿಡಿದಿಡೋದು. ಆ ಕಡೆಯಿಂದ ನೋವು ಶುರುವಾಯ್ತು ಅಂತ ಫೋನ್ ಬಂದ್ರೆ, ಯಾವ ಹುಡುಗಿಯ ತಾಯಿಯೋ ಅವಳು ಆ ಸೀಟಿನಲ್ಲಿ ಕೂತು ಹೋಗೋದು.

"ಮುಂದಿನ ಸಲ ಹೋಗೋ ಅಜ್ಜಿ ನಾನೇ," ಅಂದ್ರು. "ನನ್ನ ಮಗಳು ಅಲ್ಲಿ ಕೂತಿದ್ದಾಳೆ. ಮೊದಲನೇದು. ಹೆದರಿಕೊಂಡಿದ್ದಾಳೆ. ನೋವು ಬಂದಾಗ ಬರ್ತೀನಿ ಅಂತ ಮಾತು ಕೊಟ್ಟು ಕಳಿಸಿದ್ದೀನಿ."

ಕಂಪನಿ ಕೆಲಸದೋರಿಗೆ ಪಾಸ್ ಇರುತ್ತಲ್ಲ ಅಂದೆ. ಇರುತ್ತೆ, ಸೀಟು ಉಳಿದ್ರೆ, ಅಂದ್ರು. ಕಟ್ಟಡ ಕೆಲಸದೋರು, ಮೀನಿನ ಪೆಟ್ಟಿಗೆ, ಇವೆಲ್ಲ ಹತ್ತಿ ಉಳಿದ್ರೆ. ನಾವು ಬುದ್ಧಿವಂತರು ದಂಡದ ಸೀಟೆಲ್ಲ ಮಾರಾಟಕ್ಕಿಟ್ಟ ಮೇಲೆ ಉಳಿಯೋದು ಎಲ್ಲಿಂದ ಬಂತು?

ತವರಿಗೆ ಹೋಗ್ತಾರಂತೆ. ತವರಿಂದ ಎಬ್ಬಿಸಿ ಕಳಿಸ್ತಿರೋದನ್ನ ನಾವು ಸೀಮಂತ ಮಾಡಿ ಕಳಿಸ್ತಿದ್ದಾರೆ ಅಂದ್ಕೊಂಡಿದ್ವಿ. ಈ ಮಹಾಪ್ರಮಾದ ಮಾಡೋಕೆ ಮೈಸೂರಿನೋರೇ ಆಗಬೇಕಿತ್ತು. ಬೇರೆ ಯಾರಾದ್ರೂ ಆಗಿದ್ರೆ ಕನಿಷ್ಠ ಪಕ್ಷ ಗೊತ್ತಿಲ್ಲ ಅಂತ ಕೇಳ್ತಿದ್ರು. ನನಗೆ ಕೋಪ ನೆತ್ತಿಗೇರಿತು.

ಸಾರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಅಂದ್ರೆ ಅವರ ಅಮ್ಮ ಆ ಪಟ್ಟಣದಲ್ಲಿ ಇರೋದಿಲ್ವಾ?"

"ಅಮ್ಮ ಕೌಂಟರಲ್ಲಿದ್ದಾರೆ ಸಾರ್. ನನ್ನ ಜೊತೆ ಈಗ ತಾನೇ ಮಾತಾಡಿದ್ದು ಅವರೇ."

"ಛೆ ಛೆ ಛೆ," ಅಂದ್ರು, ನಿಜವಾಗಿಯೂ ನೊಂದುಕೊಂಡು. ಆಮೇಲೆ ಗಂಟಲು ಸರಿಮಾಡ್ಕೊಂಡು ಲೀಡ್ ಆದ್ರು. "ಒಂದು ಚೇಂಜ್ ರಿಕ್ವೆಸ್ಟ್ ಹಾಕಿ ಇವ್ರೇ. ಕ್ಲೈಂಟ್ ಅಪ್ರೂವ್ ಮಾಡ್ಲಿ. ಮುಂದಿನ ರಿಲೀಸಲ್ಲಿ ನೋಡೋಣ."

"ಮುಂದಿನ ರಿಲೀಸ್ ಹೊತ್ತಿಗೆ ಆ ಮಗು ತೊಟ್ಟಿಲಿಂದ ಇಳಿದಿರುತ್ತೆ ಸಾರ್."

"ಪ್ರೊಸೆಸ್ ಅಂತ ಒಂದಿರುತ್ತಲ್ಲ ಇವ್ರೇ."

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕೋದಕ್ಕೂ ಒಂದು ಪ್ರೊಸೆಸ್ ಬೇಕು. ನಿಯಮ ಬದಲಿಸಿ ಅಂತ ರಿಕ್ವೆಸ್ಟ್ ಹಾಕಿದೆ. ಮಾತಾಡ್ತಿರೋವಾಗ ಅವರ ಹಿಂದೆ ಬೇಸ್‌ಮೆಂಟಿನ ಮೆಟ್ಟಿಲ ಮೇಲಿಂದ ಒಂದು ದನಿ, ಕಾಫಿ ಆರಿ ಹೋಗ್ತಿದೆ ಬನ್ನಿ ಅಂತ ಕೂಗ್ತಾನೇ ಇತ್ತು. ಅದು ಸಾರ್ ಅತ್ತೆ. ಎರಡನೇ ಮಗುವಿನ ಬಾಣಂತನಕ್ಕೆ ಅಂತ ಬಂದೋರು, ಕೊರೊನಾದಲ್ಲಿ ವಿಮಾನ ನಿಂತು ಇಲ್ಲೇ ಉಳಿದುಬಿಟ್ಟಿದ್ರು. ಅಳಿಯನಿಗೆ ಎರಡು ಹೊತ್ತು ಬಿಸಿ ಬಿಸಿ ಕಾಫಿ. ಒಂದೇ ಮನೇಲಿ ಇಷ್ಟೊಂದು ಬಾಣಂತನ ಶೇಖರಣೆ ಮಾಡಿಟ್ಕೊಂಡಿರೋ ಮನುಷ್ಯ ನನಗೆ ಪ್ರೊಸೆಸ್ ಹೇಳ್ತಿದ್ರು.

ಆಮೇಲಿನ ದಿನಗಳಲ್ಲಿ ಆಂಟಿ ಯಾವುದಾದ್ರೂ ನೆಪ ಮಾಡ್ಕೊಂಡು ಸಪೋರ್ಟಿಗೆ ಫೋನ್ ಮಾಡೋರು. ಪ್ರಿಂಟರ್ ನಿಂತಿದೆ ಅನ್ನೋರು, ಅದು ಓಡ್ತಿರೋ ಶಬ್ದ ನನಗೇ ಕೇಳಿಸೋದು. ಅಜ್ಜಿ ವಾಪಸ್ ಬಂದ್ಲಾ ಅಂತ ಕೊನೆಗೆ ಕೇಳೋರು. ಇಲ್ಲ ಆಂಟಿ ಅಂತಿದ್ದೆ. ನಾನೂ ಬಸುರಿ ಅಂತ ಒಂದು ದಿನ ಹೇಳಿದೆ. ನಿಮ್ಮಮ್ಮ ಬರ್ತಾರಾ ಅಂದ್ರು. ಅರ್ಜಿ ಹಾಕಿದ್ದೀವಿ, ತಾರೀಖು ಸಿಕ್ಕಿಲ್ಲ ಅಂದೆ. ಓಹೋ ನಿನಗೂ ಸಾಫ್ಟ್‌ವೇರೇ ಅಡ್ಡವಾ ಅಂದ್ರು. ಇಬ್ಬರೂ ನಕ್ಕೆವು, ನಗೋ ಅಂಥಾದ್ದು ಅದರಲ್ಲಿ ಏನೂ ಇರಲಿಲ್ಲ.

ಒಂದು ಮಧ್ಯಾಹ್ನ ಮೊಸರನ್ನ ಕಲೆಸ್ತಿದ್ದೆ, ಫೋನ್ ಬಂತು. ಈ ಸಲ ಪ್ರಿಂಟರ್ ನೆಪ ಇರಲಿಲ್ಲ. ಮಗಳಿಗೆ ನೋವು ಶುರುವಾಗಿದೆ, ವಿಮಾನ ಬಂದು ಇಳಿದಿದೆ, ಸಾಮಾನು ಇಳಿಸ್ತಿದ್ದಾರೆ, ಇನ್ನು ಸ್ವಲ್ಪ ಹೊತ್ತಿಗೆ ಹೊರಡುತ್ತೆ. ಸೀಟು ಪೂರ್ತಿ ಭರ್ತಿ. ಮುಂದಿನ ವಿಮಾನ ನಾಡಿದ್ದು, ಅದೂ ಹವಾಮಾನ ನೋಡ್ಕೊಂಡು.

"ಯಾರನ್ನಾದ್ರೂ ಇಳೀರಿ ಅಂತ ಕೇಳೋಕಾಗಲ್ವಾ ಆಂಟಿ?"

"ಕೇಳಿದ್ರೆ ಇಳೀತಾರೆ. ಆದ್ರೆ ನಿಮ್ಮ ಕಂಪ್ಯೂಟರ್ ಅವರ ಜಾಗಕ್ಕೆ ನನ್ನನ್ನ ಹಾಕ್ಕೊಳ್ಳಲ್ಲ. ಸರದಿಯಲ್ಲಿ ಬೇರೆಯೋರಿದ್ದಾರೆ ಅನ್ನುತ್ತೆ."

ನಾನು ಎಡಗೈಯಲ್ಲೇ ಲ್ಯಾಪ್‌ಟಾಪ್ ತೆಗೆದೆ. ಬಲಗೈಯೆಲ್ಲ ಮೊಸರನ್ನ. ಆ ವಿಮಾನ ನೋಡಿದೆ. ನಿಜ, ಪೂರ್ತಿ ಭರ್ತಿ. ಕೊನೇ ಸಾಲಿನಲ್ಲಿ ಮಾತ್ರ ಒಂದು ಸೀಟು ಕಿರೀಟ ಇಟ್ಕೊಂಡಂಗೆ ಖಾಲಿ ಕೂತಿತ್ತು. ನಮ್ಮ ಸಾರ್‌ದು. ಗೌರವದ ಸೀಟು.

ಚೆಕ್‌ಇನ್ ಒತ್ತಿದೆ. ಸಾರ್ ಹತ್ತಿದ್ರು.

"ಆಂಟಿ, ಹಿಂದುಗಡೆ ಸೀಟಿನಲ್ಲಿ ಕಮ್ಮಿಂಗ್‌ನಿಂದ ಬಂದಿರೋ ಒಬ್ಬ ದೊಡ್ಡ ಎಂಜಿನಿಯರ್ ಇದ್ದಾರೆ. ಅದು ನೀವು. ಹೋಗಿ ಕೂತ್ಕೊಳ್ಳಿ."

"ಗುರುತಿನ ಚೀಟಿ ನೋಡಬೇಕಾಗುತ್ತೆ," ಅಂದ್ರು.

"ನೋಡೋರು ಯಾರು?"

"ನಾನೇ." ಒಂದು ಕ್ಷಣ ತಡೆದು, "ನೋಡಿದೆ. ಸರಿಯಾಗಿದೆ" ಅಂದ್ರು.

ಪೈಲಟ್ ಅವರ ತಂಗಿಯ ಮಗನಂತೆ. ದೊಡ್ಡಮ್ಮ ಕೋಟು ಹಾಕ್ಕೊಂಡು ಓಡಿ ಬರ್ತಿರೋದು ನೋಡಿ, ಕೈಯಲ್ಲಿದ್ದ ಪಟ್ಟಿ ನೋಡಿ, "ಎಂಜಿನಿಯರ್ ಸಾಹೇಬ್ರೇ, ಬೆಲ್ಟ್ ಹಾಕ್ಕೊಳ್ಳಿ" ಅಂದನಂತೆ. ಇದನ್ನೆಲ್ಲ ಆಂಟಿ ಆಮೇಲೆ ಹೇಳಿದ್ದು. ಅವರು ಆಸ್ಪತ್ರೆ ತಲುಪಿದಾಗ ಮಗಳು ನರ್ಸಿನ ಕೈ ಹಿಡ್ಕೊಂಡು, ಅಮ್ಮ ಬರ್ತೀನಿ ಅಂದಿದ್ದಾಳೆ, ಅಮ್ಮ ಬರೋ ತನಕ ನಾನು ಹೆರಲ್ಲ ಅಂತ ಹಟ ಹಿಡಿದಿದ್ದಳಂತೆ. ಹೆರಿಗೆ ಹಟ ಕೇಳುತ್ತಾ? ಈ ಸಲ ಕೇಳಿತು. ಅವರು ಒಳಗೆ ಹೋಗಿ ತಲೆ ಸವರಿದ ಮೇಲೆ ಮಗು ಹುಟ್ಟಿತು.

ಮಾರನೇ ದಿನ ಬೆಳಿಗ್ಗೆ ಮೀಟಿಂಗಿಗೂ ಮುಂಚೆ ಸಾರ್ ಫೋನ್ ಮಾಡಿದ್ರು. ನಮ್ಮ ಸಾಫ್ಟ್‌ವೇರ್ ಪ್ರಯಾಣ ಮುಗಿಸಿದ ಎಲ್ಲರಿಗೂ ವಂದನೆಯ ಮೆಯಿಲ್ ಕಳಿಸುತ್ತೆ, ಅದನ್ನ ಬರೆದವರೂ ಅವರೇ.

"ಇವ್ರೇ, ನಿನ್ನೆ ನಾನು ಎಲ್ಲಿಗಾದ್ರೂ ಹೋಗಿದ್ನಾ?"

"ಹೂಂ ಸಾರ್. ಬಾಣಂತನಕ್ಕೆ ಹೋಗಿದ್ರಿ. ಹೆಣ್ಣು ಮಗು. ತಾಯಿ ಮಗು ಆರೋಗ್ಯವಾಗಿದ್ದಾರೆ."

ಕೆಲಸ ಹೋಯ್ತು, ಕೆಲಸದ ಹಿಂದೆ ವೀಸಾ ಹೋಯ್ತು ಅಂದ್ಕೊಂಡೆ. ಮೆಟ್ಟಿಲ ಮೇಲಿಂದ ಅತ್ತೆ ದನಿ ಬಂತು, ಕಾಫಿ.

"ಬಂದೆ ಅತ್ತೆ," ಅಂದ್ರು ಸಾರ್. ಆಮೇಲೆ ನನಗೆ, "ಆ ಸೀಟು ಹೇಗೂ ನನ್ನ ಹೆಸರಲ್ಲಿದೆ. ಯಾವಾಗ ಬೇಕೋ ನನ್ನನ್ನ ಹತ್ತಿಸಿ. ಮೀಟಿಂಗಿನಲ್ಲಿ ಮಾತ್ರ ಈ ವಿಷಯ ಎತ್ತಬೇಡಿ."

ಆಮೇಲೆ ಸಾರ್ ಸಿಕ್ಕಾಪಟ್ಟೆ ಓಡಾಡಿದ್ರು. ತಿಂಗಳಲ್ಲಿ ಎರಡು ಮೂರು ಸಲ ಬಾಣಂತನ. ಮೂಲೆ ಮೂಲೆಯ ಊರಿಂದೆಲ್ಲ ಹತ್ತಿದ್ರು. ವರ್ಷ ಕಳೆಯೋ ಹೊತ್ತಿಗೆ ವಿಮಾನ ಕಂಪನಿಯಿಂದ ಕಮ್ಮಿಂಗ್ ಮನೆಗೆ ಒಂದು ಮೆಂಬರ್ ಕಾರ್ಡ್ ಬಂತು, ನೆಚ್ಚಿನ ಪ್ರಯಾಣಿಕರು ಅಂತ. ಅದನ್ನ ಅವರು ಬಿಸಾಕಲಿಲ್ಲ. ಮನೆಗೆ ಊಟಕ್ಕೆ ಕರೆದಾಗ ನೋಡಿದೆ, ದೊಡ್ಡ ಮಗುವಿನ ಈಜಿನ ಮೆಡಲ್‌ಗಳ ಪಕ್ಕ ನಿಲ್ಲಿಸಿದ್ರು. ನನ್ನ ಚೇಂಜ್ ರಿಕ್ವೆಸ್ಟ್ ಇವತ್ತಿಗೂ ಸರದಿಯಲ್ಲಿದೆ.

ಆ ಮಧ್ಯೆ ನನ್ನ ಹೆರಿಗೆ ಜಾನ್ಸ್ ಕ್ರೀಕ್‌ನಲ್ಲೇ ಆಯ್ತು. ಎಲ್ಲ ಅನುಕೂಲವಿತ್ತು. ಹಾಸಿಗೆ ಗುಂಡಿ ಒತ್ತಿದ್ರೆ ಏಳ್ತಿತ್ತು, ಗುಂಡಿ ಒತ್ತಿದ್ರೆ ಮಲಗ್ತಿತ್ತು. ಗಂಡ ಒಂದು ಕೈಯಲ್ಲಿ ನನ್ನನ್ನ, ಇನ್ನೊಂದು ಕೈಯಲ್ಲಿ ಫೋನ್ ಹಿಡ್ಕೊಂಡು ನಿಂತಿದ್ದ. ಫೋನಿನೊಳಗೆ ಮೈಸೂರಿನಲ್ಲಿ ಅಮ್ಮ, ಉಸಿರು ಬಿಗಿ ಹಿಡಿ ಅನ್ನೋ ಹೊತ್ತಿಗೆ ಸರಿಯಾಗಿ ನೆಟ್‌ವರ್ಕ್ ಹೋಗಿ ಬಾಯಿ ತೆರೆದ ಹಾಗೇ ನಿಂತುಬಿಟ್ಟರು. ನನ್ನ ಮಗಳು ಹುಟ್ಟಿದ್ದು ಆಗ. ಕಮ್ಮಿಂಗ್‌ನಿಂದ ಸಾರ್ ಅತ್ತೆ ಮೆಣಸಿನ ಸಾರು ಮಾಡಿ ಕಳಿಸಿದ್ರು, ಸಾರ್ ಖುದ್ದಾಗಿ ಡ್ರೈವ್ ಮಾಡ್ಕೊಂಡು ತಂದುಕೊಟ್ರು. ಈ ಬಾಣಂತನಕ್ಕೆ ಅವರು ನಿಜವಾಗಿಯೇ ಬಂದಿದ್ರು.

ಅಮ್ಮನಿಗೆ ವೀಸಾ ಆಗಿ, ಅಮ್ಮ ಅಟ್ಲಾಂಟಾದಲ್ಲಿ ಇಳಿದಾಗ ಮಗಳು ನಡೀತಿದ್ದಳು. ಅಜ್ಜಿನ ನೋಡಿದ ಕೂಡಲೇ "ಹಾಯ್" ಅಂದಳು. ಅಮ್ಮ ತಂದಿದ್ದ ಸೂಟ್‌ಕೇಸ್ ಮನೇಲಿ ಬಿಚ್ಚಿದ್ರೆ ಬಾಣಂತಿ ಲೇಹ, ಅಂಟಿನುಂಡೆ, ಸಾಂಬ್ರಾಣಿ, ಕಿವಿಗೆ ಕಟ್ಟೋ ಬಟ್ಟೆ.

"ಅಮ್ಮಾ, ನಾನೀಗ ಬಾಣಂತಿ ಅಲ್ಲ."

"ಯಾರು ಹೇಳಿದ್ದು? ನಾನು ಮಾಡದೇ ಯಾರು ಮುಗಿಸಿದ್ರು ನಿನ್ನ ಬಾಣಂತನ?"

ಮಾರನೇ ದಿನವೇ ಎಣ್ಣೆ ತಿಕ್ಕಿ, ಸುಡು ಸುಡು ನೀರು ಹುಯ್ದು, ಸಾಂಬ್ರಾಣಿ ಹಾಕಿದ್ರು. ಹೊಗೆಗೆ ಮನೆಯ ಅಲಾರಂ ಕಿರುಚ್ಕೊಂಡಿತು, ಗಂಡ ಕುರ್ಚಿ ಹತ್ತಿ ಟವೆಲ್ ಬೀಸ್ತಾ ನಿಂತ. ನಾನು ತಲೆಗೆ ಬಟ್ಟೆ ಸುತ್ಕೊಂಡು ಕೂತು, ಅಮ್ಮ ಉಂಡೆ ಮಾಡಿ ಕೈಗಿಟ್ಟ ಲೇಹ ತಿಂತಾ, ಆಂಟಿ ಕತೆ, ಸಾರ್ ಸೀಟಿನ ಕತೆ ಎಲ್ಲ ಹೇಳಿದೆ. ಅಮ್ಮ ಸೆರಗು ಬಾಯಿಗಿಟ್ಕೊಂಡು ನಕ್ಕರು. ಕಣ್ಣೊರೆಸ್ಕೊಂಡು, ಒಳ್ಳೇ ಕೆಲಸ ಮಾಡ್ದೆ ಬಿಡೆ, ಯಾವ ಊರಿನ ಯಾವ ತಾಯಿಯೋ ಅಂದ್ರು. ಇನ್ನೊಂದು ಉಂಡೆ ಕಟ್ಟಿದ್ರು. ಅದನ್ನ ನನ್ನ ಬಾಯಿಗೆ ಇಟ್ಟು, ನನ್ನ ಕಡೆ ನೋಡದೇ ಕೇಳಿದ್ರು:

"ಅಷ್ಟು ಜನಕ್ಕೆ ಸೀಟು ಹಿಡಿದುಕೊಟ್ಟೋಳು, ನನಗೊಂದು ಹಿಡಿಯೋಕಾಗಲಿಲ್ವಾ?"

ಎಲ್ಲದಕ್ಕೂ ನನ್ನ ಹತ್ತಿರ ಒಂದು ಮಾತು ಇರುತ್ತೆ. ಅವತ್ತು ಬಾಯಿ ತುಂಬ ಲೇಹ ಇತ್ತು, ಅದೊಂದೇ ಪುಣ್ಯ.